ಕಲಿಸಲು ಬಂದವರ ಕಲಿಕೆ

ಹೊರನಾಡಿನ ಕನ್ನಡ ಸಂಘಗಳ ರಾಜ್ಯೋತ್ಸವ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ಕನ್ನಡವನ್ನು ಪ್ರೀತಿಸಿ ಸಾವಿರಾರು ಮೈಲಿ ದೂರದಿಂದ ಬಂದ ಕಿಟ್ಟೆಲ್ ಅವರೇ ಕನ್ನಡಕ್ಕಾಗಿ ಇಷ್ಟೆಲ್ಲ ಮಾಡಿರುವಾಗ ಕನ್ನಡದ ಮಕ್ಕಳಾದ ನಾವು ಮಾಡಿದ್ದೇನು ಎಂದು ಭಾಷಣಕಾರರು ಕೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಈ ಮಾತಿನ ಮೊದಲರ್ಧ ನಿಜವಲ್ಲ. ಫರ್ಡಿನಾಂಡ್ ಕಿಟ್ಟೆಲ್ ಕನ್ನಡವನ್ನು ಪ್ರೀತಿಸಿ ಬಂದವರಲ್ಲ. 1853ರಲ್ಲಿ ಅವರು ಈ ದೇಶಕ್ಕೆ ಬಂದದ್ದು ಕ್ರಿಸ್ತನ ಸುವಾರ್ತೆಯನ್ನು ಸಾರಲಿಕ್ಕೆ. ಅವರಿಗಿಂತ ಹದಿನೇಳು ವರ್ಷ ಮೊದಲು, 1836ರಲ್ಲಿ, ಮಂಗಳೂರಿಗೆ ಬಂದ ಹೆರ್ಮನ್ ಮೊಗ್ಲಿಂಗ್ ಅವರ ಉದ್ದೇಶವೂ ಅದೇ. ಬಾಸೆಲ್ ಮಿಷನ್ ಇವರನ್ನು ಕಳುಹಿಸಿದ್ದು ಕಲಿಸುವುದಕ್ಕೆ, ಮತ್ತು ಕಲಿಸುವ ಮೂಲಕ ಜನರನ್ನು ತಮ್ಮ ನಂಬಿಕೆಯತ್ತ ಕರೆತರುವುದಕ್ಕೆ. ಈ ಮಾತನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಮುಚ್ಚಿಡುತ್ತಿರುವವರು ನಾವು.

ಇನ್ನೊಂದು ಗುಂಪಿನವರೂ ಇದ್ದಾರೆ. ಮತಾಂತರಕ್ಕೆ ಬಂದವರ ನಿಘಂಟೂ ಪತ್ರಿಕೆಯೂ ಮತಾಂತರದ ಉಪಕರಣಗಳೇ, ಅದರಲ್ಲಿ ಕೃತಜ್ಞತೆಗೆ ಏನಿದೆ ಎಂಬುದು ಇವರ ವಾದ. ಮೊದಲನೆಯವರು ಮಿಷನರಿಯ ಧರ್ಮವನ್ನು ಮರೆಮಾಡುತ್ತಾರೆ, ಎರಡನೆಯವರು ಅವನ ಕೆಲಸವನ್ನು. ಪರದೇಶದ ಊರಿಗೆ ಪಾಠ ಹೇಳಲು ಬಂದ ಒಬ್ಬ ಮನುಷ್ಯನಿಗೆ, ಬಂದ ದಿನಕ್ಕೂ ಹೊರಟ ದಿನಕ್ಕೂ ನಡುವೆ, ಏನಾಯಿತು ಎಂದು ಇಬ್ಬರೂ ಕೇಳುವುದಿಲ್ಲ. ಪರವೂರಿನಲ್ಲಿ ಬಾಳುತ್ತಿರುವ ನಮಗಾದರೂ ಈ ಪ್ರಶ್ನೆ ಹೊಳೆಯಬೇಕಾಗಿತ್ತು.

1833ರ ಸನದು ಕಾಯಿದೆ ಬರುವವರೆಗೆ ಬ್ರಿಟಿಷರಲ್ಲದ ಮಿಷನರಿಗಳಿಗೆ ಕಂಪನಿಯ ಸೀಮೆಯಲ್ಲಿ ಸಲೀಸಾದ ಪ್ರವೇಶವಿರಲಿಲ್ಲ. ಬಾಗಿಲು ತೆರೆದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್‌ನಿಂದ ಬಂದು ಮಂಗಳೂರಿನಲ್ಲಿ ನೆಲೆ ಹೂಡಿದರು. ಅವರ ಹಿಂದೆ ಬಂದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಮೊಗ್ಲಿಂಗ್ ಈ ಗುಂಪಿನಲ್ಲಿ ಸ್ವಲ್ಪ ಬೇರೆ. ಅವರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ ವಿದ್ವಾಂಸರು.

ಅವರು ಬಂದ ಕಾಲವನ್ನು ಗಮನಿಸಬೇಕು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ 1830ರಲ್ಲೇ ಇಂಗ್ಲಿಷಿನ ಮೂಲಕ ಕಲಿಸುವ ಶಾಲೆ ತೆರೆದಿದ್ದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಹೊರಬಿದ್ದು ಇಂಗ್ಲಿಷಿನ ಪಕ್ಷ ಗೆದ್ದಿತ್ತು. ಅದರ ಮರುವರ್ಷ ಮಂಗಳೂರಿಗೆ ಕಾಲಿಟ್ಟವನಿಗೆ ಇಂಗ್ಲಿಷಿನಲ್ಲೇ ಪಾಠ ಹೇಳಿ, ಇಂಗ್ಲಿಷ್ ಬಲ್ಲವರ ನಡುವೆಯೇ ಬದುಕಿ, ಹತ್ತು ವರ್ಷ ಕಳೆದು ಊರಿಗೆ ಹಿಂದಿರುಗುವುದು ಸುಲಭದ ಹಾದಿಯಾಗಿತ್ತು. ಮಿಷನ್ ಇಂಗ್ಲಿಷ್ ಶಾಲೆಯನ್ನೂ ನಡೆಸಿತು, ನಿಜ. ಆದರೆ ಬಂದವರೆಲ್ಲ ಮೊದಲು ಊರಿನ ಭಾಷೆ ಕಲಿಯಬೇಕು ಎಂಬುದು ಅದರ ನಿಯಮ. ಇದಕ್ಕೆ ಕಾರಣ ಕನ್ನಡಪ್ರೇಮವಲ್ಲ, ಲೂಥರನ ಪರಂಪರೆ. ದೇವರ ಮಾತು ತಾಯಿಯ ಮಾತಿನಲ್ಲಿ ಕಿವಿಗೆ ಬೀಳದಿದ್ದರೆ ಹೃದಯಕ್ಕೆ ಇಳಿಯುವುದಿಲ್ಲ ಎಂಬ ನಂಬಿಕೆ ಅದು. ಆ ನಂಬಿಕೆ ನಮ್ಮದಾಗಬೇಕಿಲ್ಲ. ಅದರಿಂದ ಏನು ಹುಟ್ಟಿತು ಎಂಬುದು ಮಾತ್ರ ನಮಗೆ ಮುಖ್ಯ.

ಊರಿನ ಭಾಷೆ ಎಂದೆ. ಮಂಗಳೂರಿನ ಓದುಗರು ಇಲ್ಲಿ ನಕ್ಕಾರು. ಯಾವ ಭಾಷೆ? ಮನೆ ಮತ್ತು ಗದ್ದೆಯ ಮಾತು ತುಳು, ಪೇಟೆಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ, ಕಾಗದಪತ್ರಕ್ಕೂ ಪುರಾಣಪಠಣಕ್ಕೂ ಯಕ್ಷಗಾನಕ್ಕೂ ಕನ್ನಡ. ಹೊಸದಾಗಿ ಬಂದವನ ದಿಕ್ಕೆಡಿಸಲು ಇಷ್ಟು ಸಾಕು. ಗ್ರೈನರ್ ತುಳುವನ್ನು ಹಿಡಿದು ಮತ್ತಾಯನ ಸುವಾರ್ತೆಯನ್ನು ತುಳುವಿಗೆ ತಂದರು. ಮೊಗ್ಲಿಂಗ್ ಕನ್ನಡವನ್ನು ಹಿಡಿದರು. ಕರಾವಳಿಯ ಇನ್ನೊಂದು ತುದಿಯಲ್ಲಿ, ತಲಶ್ಶೇರಿಯಲ್ಲಿ, ಹೆರ್ಮನ್ ಗುಂಡರ್ಟ್ ಮಲಯಾಳದಲ್ಲಿ ಮುಳುಗಿದರು. ಅವರ ಮಲಯಾಳ ನಿಘಂಟು 1872ರಲ್ಲಿ ಹೊರಬಂತು.

ಅನ್ಯಭಾಷೆಯೊಂದನ್ನು ಪ್ರಾಯದಲ್ಲಿ ಕಲಿತವರಿಗೆ ಅದರ ಅವಮಾನ ಗೊತ್ತಿರುತ್ತದೆ. ಗ್ರೀಕ್, ಹೀಬ್ರೂ ಓದಿ ಬಂದವನು ಮುನ್ಷಿಯ ಎದುರು ಕುಳಿತು 'ಹಳ್ಳ'ದ ಳಕಾರಕ್ಕೂ 'ಕಣ್ಣಿ'ನ ಣಕಾರಕ್ಕೂ ನಾಲಗೆ ಮಡಚಬೇಕು. ಮಹಾಪ್ರಾಣ ಅಲ್ಪಪ್ರಾಣಗಳ ಗೊಂದಲ ಬೇರೆ. ಹತ್ತು ವರ್ಷದ ಹುಡುಗನೂ ಅವನ ಮಾತು ಕೇಳಿ ಕಿಸಕ್ಕನೆ ನಗಬಹುದು. ಗುರುವಾಗಲು ಬಂದವನು ಮೊದಲ ದಿನವೇ ಶಿಷ್ಯನಾಗಬೇಕಾದ ಸ್ಥಿತಿ ಇದು. ಬಹುಮಂದಿ ಪರದೇಶಿ ಅಧ್ಯಾಪಕರು ಈ ಸ್ಥಿತಿಯನ್ನು ಬೇಗ ದಾಟಿಬಿಡಲು ನೋಡುತ್ತಾರೆ; ಪ್ರಾರ್ಥನೆಗೆ, ಪಾಠಕ್ಕೆ, ಅಡುಗೆಯವನಿಗೆ ಅಪ್ಪಣೆ ಕೊಡಲು ಬೇಕಾದಷ್ಟು ಭಾಷೆ ಸಿಕ್ಕೊಡನೆ ಪುಸ್ತಕ ಮುಚ್ಚುತ್ತಾರೆ. ಮೊಗ್ಲಿಂಗ್ ಮುಚ್ಚಲಿಲ್ಲ. ಅವರ ಹಿರಿಮೆಯನ್ನು ನಾನು ಇಲ್ಲಿ ಕಾಣುತ್ತೇನೆ, ಪತ್ರಿಕೆ ತೆಗೆದದ್ದಕ್ಕಿಂತಲೂ ಹೆಚ್ಚಾಗಿ ಇಲ್ಲಿ.

ಅವರು ಗಾದೆಗಳನ್ನು ಕೂಡಿಹಾಕಿದರು. ದಾಸರ ಪದಗಳನ್ನು ಕಲೆಹಾಕಿದರು. ಮುಂದೆ ಅವುಗಳಲ್ಲಿ ಕೆಲವನ್ನು ಜರ್ಮನ್‌ಗೆ ಅನುವಾದಿಸಿ ತಮ್ಮ ದೇಶದ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಸಾಮೈಜರ್ ಎಂಬ ನಿವೃತ್ತ ಅಧಿಕಾರಿಯ ಹಣದ ನೆರವಿನಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆ ಹೊರಟಿತು. ಓಲೆಗರಿಗಳಲ್ಲಿದ್ದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಆ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣಗೊಂಡವು. ಯೇಸುವಿನ ಕಡೆಗೆ ಜನರನ್ನು ಕರೆಯಲು ಬಂದವರು ಶಿವಶರಣರ ಮತ್ತು ಹರಿದಾಸರ ಪುಸ್ತಕಗಳನ್ನು ಅಚ್ಚು ಹಾಕುತ್ತ ಕುಳಿತರು. ಎದುರಾಳಿಯನ್ನು ಅರಿಯುವುದಕ್ಕೆ ಎಂದು ಇದನ್ನು ವಿವರಿಸಬಹುದು. ಆ ಕಾರಣವೂ ಇದ್ದೀತು. ಆದರೆ ಬರಿಯ ಅರಿವಿಗೆ ಒಂದು ಪ್ರತಿ ಸಾಕಾಗುತ್ತದೆ. ಓಲೆಗರಿಯ ಪಾಠವನ್ನು ಹಸನು ಮಾಡಿ, ಹಣ ಹೊಂದಿಸಿ, ಊರಿಗೆಲ್ಲ ಹಂಚುವಷ್ಟು ಪ್ರತಿ ತೆಗೆಯುವವನಿಗೆ ಆ ಕಾವ್ಯದ ರುಚಿ ಹತ್ತಿದೆ ಎಂದೇ ಅರ್ಥ.

ಈ ಕಥೆಯಲ್ಲಿ ಮುಂಬಯಿಗೂ ಒಂದು ಪಾಲಿದೆ. ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ಬಂದದ್ದು ಇಲ್ಲಿಂದ. ಮೊಗ್ಲಿಂಗರ ಬಂಧುವೂ ಸಹಪಾಠಿಯೂ ಆದ ಗಾಟ್‌ಫ್ರೀಡ್ ವೈಗಲ್ 1841ರಲ್ಲಿ ಮುಂಬಯಿಗೆ ಬಂದು ಹಿಂದಿರುಗುವಾಗ ಯಂತ್ರದ ಜೊತೆಗೆ ಇಬ್ಬರು ಮರಾಠಿ ಮುದ್ರಣಕಾರರನ್ನೂ ಕರೆದೊಯ್ದರು. ಎರಡು ವರ್ಷಗಳ ನಂತರ, 1843ರ ಜುಲೈ 1ರಂದು, 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಜರ್ಮನ್ ಸಂಪಾದಕ, ಮರಾಠಿ ಕೈಗಳು, ತುಳು ಊರು, ಕನ್ನಡ ಪತ್ರಿಕೆ. ಶುದ್ಧ ಕನ್ನಡತನದ ಬಗ್ಗೆ ಯಾರಾದರೂ ಬಹಳ ಗಟ್ಟಿಯಾಗಿ ಮಾತಾಡತೊಡಗಿದಾಗ ನನಗೆ ಆ ಇಬ್ಬರು ಮರಾಠಿ ಕೆಲಸಗಾರರ ನೆನಪಾಗುತ್ತದೆ.

ಇಷ್ಟರಲ್ಲಿ ಕಥೆ ಮುಗಿದಿದ್ದರೆ ಸನ್ಮಾನದ ಶಾಲಿಗೆ ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಆದರೆ ಪತ್ರಿಕೆ ಹೊರಟ ಮರುವರ್ಷವೇ, 1844ರಲ್ಲಿ, ಮಂಗಳೂರಿನಲ್ಲಿ ದೊಡ್ಡ ಗದ್ದಲವಾಯಿತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದರು. ವಯಸ್ಸು ಇಪ್ಪತ್ತೂ ಆಗಿರಲಿಲ್ಲ, ಆಗಲೇ ಮದುವೆಯಾಗಿತ್ತು. ಮೊಗ್ಲಿಂಗ್ ಅವರನ್ನು ಮಗನಂತೆ ಕಂಡರು. ಆನಂದರಾವ್ ಅವರ ಹೆಸರಿನ ಹಿಂದೆ ಹೆರ್ಮನ್ ಸೇರಿತು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, ತಮ್ಮ ಗುರುವಿನ ಸಹೋದ್ಯೋಗಿಯಾದರು. ಹೆಂಡತಿ ಅವರ ಜೊತೆಗೆ ಹೋಗಲಿಲ್ಲ, ತನ್ನವರ ಬಳಿಯೇ ಉಳಿದಳು. ಬಹುಕಾಲದ ಮೇಲೆ ಕೌಂಡಿನ್ಯರು ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು.

ಒಬ್ಬ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಗೆಲುವು ಯಾವುದು, ಒಂದು ಮನೆಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು? ಎರಡೂ ಒಂದೇ ಘಟನೆ. ಮೊಗ್ಲಿಂಗ್ ಈ ಊರಿನಲ್ಲಿ ಬೇರು ಬಿಟ್ಟದ್ದು ಬರೀ ದಾಸರ ಪದದ ಮೂಲಕವಲ್ಲ; ಇನ್ನೊಬ್ಬರ ಮನೆಯ ಮಗನನ್ನು ತನ್ನ ಮಗನೆಂದು ಕರೆಯುವ ಮೂಲಕವೂ ಹೌದು. ಆ ಮನೆಯವರ ನೋವನ್ನು ಕನ್ನಡ ಸೇವೆಯ ಖಾತೆಯಲ್ಲಿ ಚುಕ್ತಾ ಮಾಡಲು ಬರುವುದಿಲ್ಲ. ಕೌಂಡಿನ್ಯರು ತಮ್ಮ ಬುದ್ಧಿಯಿಂದಲೇ ಆರಿಸಿಕೊಂಡ ದಾರಿಯನ್ನು ಮೋಸದ ಫಲವೆಂದು ತಳ್ಳಿಹಾಕಲೂ ಬರುವುದಿಲ್ಲ. ಅಷ್ಟು ಓದಿದ ಮನುಷ್ಯನಿಗೆ ಅಷ್ಟಾದರೂ ಗೌರವ ಸಲ್ಲಬೇಕು.

ಇದರ ಇನ್ನೊಂದು ಮಗ್ಗುಲು ಕೊಡಗಿನಲ್ಲಿದೆ. 1853ರಲ್ಲಿ ಆಳಮಂಡ ಸೋಮಯ್ಯ ಎಂಬ ಕೊಡವರ ಕರೆಯ ಮೇಲೆ ಮೊಗ್ಲಿಂಗ್ ಅಲ್ಲಿಗೆ ಹೋದರು. ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತವಿದ್ದ, ಮುಟ್ಟಬಾರದವರೆನಿಸಿದ್ದ ಹೊಲೆಯ ಸಮುದಾಯದ ಜನ ಕ್ರೈಸ್ತರಾಗಿ ನೆಲೆಸಿದ ಹಳ್ಳಿ ಅಲ್ಲಿ ಹುಟ್ಟಿಕೊಂಡಿತು. ಹಳ್ಳಿಗೆ ಆನಂದಪುರ ಎಂದು ಹೆಸರಾಯಿತು, ಆನಂದರಾವ್ ಅವರ ಹೆಸರೇ. ಸಾರಸ್ವತ ಮನೆಯೊಂದಕ್ಕೆ ಸೂತಕವಾಗಿ ಕಂಡ ಅದೇ ಮಿಷನ್ನು ಗದ್ದೆಯ ಆಳಿಗೆ ತನ್ನದೆನ್ನುವ ಬಿಡಾರವಾಗಿ ಕಂಡಿರಬೇಕು. ಮಿಷನರಿಗಳ ಬಗ್ಗೆ ನಾವು ಬರೆದ ಪರ ವಿರೋಧ ಲೇಖನಗಳಲ್ಲಿ ಬಹುಪಾಲು ಮೇಲ್ಜಾತಿಯ ಜಗಲಿಯ ಮೇಲೆ ಕುಳಿತು ಬರೆದವು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

ಪರದೇಶದಲ್ಲಿ ನೆಲೆಯೂರಿದವನಿಗೆ ತನ್ನ ಊರಿನವರ ಜೊತೆಯ ಕಷ್ಟವೂ ಶುರುವಾಗುತ್ತದೆ. ದುಬೈಗೆ ಹೋದವರನ್ನು, ಅಮೆರಿಕಕ್ಕೆ ಹೋದವರನ್ನು ಕೇಳಿದರೆ ಗೊತ್ತಾಗುತ್ತದೆ. ಮಿಷನರಿಗೆ ಈ ಊರಿನವರು ಎಂದರೆ ಬಾಸೆಲ್‌ನ ಸಮಿತಿ. ಯಾವಾಗ ಮದುವೆಯಾಗಬೇಕು, ಯಾರನ್ನು ಆಗಬೇಕು ಎಂಬುದಕ್ಕೂ ಅದರ ಒಪ್ಪಿಗೆ ಬೇಕಾಗಿತ್ತು. ಎಷ್ಟೋ ಸಲ ಗಂಡನ ಮುಖವನ್ನೇ ನೋಡಿರದ ಹೆಣ್ಣುಮಗಳು ಹಡಗು ಹತ್ತಿ ಬಂದು ದಡದಲ್ಲಿ ಅವನನ್ನು ಮೊದಲ ಬಾರಿ ಕಾಣುತ್ತಿದ್ದಳು. (ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣುತ್ತಿರಲಿಲ್ಲ, ಹಡಗೊಂದನ್ನು ಬಿಟ್ಟು.) ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳುಹಿಸಬೇಕು, ಅವರಿಗೆಂದೇ ಬಾಸೆಲ್‌ನಲ್ಲಿ ಒಂದು ಮನೆಯಿತ್ತು. ಗುಂಡರ್ಟ್ ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ತಂದೆತಾಯಿ ಅವಳನ್ನು ಯುರೋಪಿನಲ್ಲಿ ಬಿಟ್ಟು ಮಲಬಾರಿಗೆ ಮರಳಿದರು. ಮುಂದೆ ಅವಳ ಹೊಟ್ಟೆಯಲ್ಲಿ ಹುಟ್ಟಿದ ಹೆರ್ಮನ್ ಹೆಸ್ಸೆ 'ಸಿದ್ಧಾರ್ಥ' ಬರೆದದ್ದು ಎಲ್ಲರಿಗೂ ಗೊತ್ತು. ಪರರ ಮಕ್ಕಳಿಗೆ ಪಾಠ ಹೇಳುತ್ತ ಸ್ವಂತ ಮಕ್ಕಳ ದನಿ ಕೇಳದೆ ವರ್ಷಗಟ್ಟಲೆ ಇರುವುದು ಈ ವೃತ್ತಿಯ ಒಳಗಿನ ಷರತ್ತಾಗಿತ್ತು. ಇದನ್ನು ತ್ಯಾಗವೆಂದು ಹೊಗಳಲು ನನಗೆ ಮನಸ್ಸಿಲ್ಲ. ತ್ಯಾಗ ಮಾಡಿದ್ದು ತಂದೆತಾಯಿಗಳಷ್ಟೇ ಅಲ್ಲ. ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಕಿಟ್ಟೆಲ್ ಅವರ ತಂಟೆ ಬೇರೆ ಬಗೆಯದು. ಧಾರವಾಡದ ಸೀಮೆಗೆ ಬಂದ ಆ ತರುಣ ಮಿಷನ್ ಬಂಗಲೆಯ ರೀತಿನೀತಿಗಳಿಂದ ದೂರ ಸರಿದು ಊರ ಜನರ ಹಾಗೆ ಬದುಕಲು ಹೊರಟರು. ಬಾಸೆಲ್‌ನಲ್ಲಿ ಆಗ ಮಿಷನ್ನಿನ ಚುಕ್ಕಾಣಿ ಇದ್ದದ್ದು ಯೋಸೆಫ್ ಯೋಸೆನ್‌ಹಾನ್ಸ್ ಎಂಬ ಕಟ್ಟುನಿಟ್ಟಿನ ಮನುಷ್ಯನ ಕೈಯಲ್ಲಿ. ಇಂಥ ಪ್ರಯೋಗಗಳು ಅವರಿಗೆ ಹಿಡಿಸಲಿಲ್ಲ. ಕಿಟ್ಟೆಲ್ ತಮ್ಮವರ ನಡುವೆಯೇ ಒಂಟಿಯಾದರು. ಬೀದಿಯ ಬೋಧಕರಾಗಿ ಅವರು ದೊಡ್ಡ ಹೆಸರು ಮಾಡಲಿಲ್ಲ. ಮನಸ್ಸು ಓಲೆಗರಿ, ಛಂದಸ್ಸು, ವ್ಯಾಕರಣಗಳ ಕಡೆ ತಿರುಗಿತು. 1862ರಲ್ಲಿ ಕ್ರಿಸ್ತನ ಚರಿತೆಯನ್ನೇ ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಹೆಂಡತಿ ಪಾಲಿನ್ ತೀರಿಕೊಂಡರು. ಆಕೆಯ ಸಹೋದರಿ ಜೂಲಿಯನ್ನು ಮದುವೆಯಾದರು. ಒಮ್ಮೆ ಜರ್ಮನಿಗೆ ಹಿಂದಿರುಗಿದವರು ನಿಘಂಟಿಗಾಗಿಯೇ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದು ಕನ್ನಡ ಇಂಗ್ಲಿಷ್ ನಿಘಂಟು. ಎರಡರಲ್ಲಿ ಒಂದೂ ಕಿಟ್ಟೆಲ್ ಅವರ ತಾಯ್ನುಡಿಯಲ್ಲ! ಅವರು ಹುಟ್ಟಿದ ಪೂರ್ವ ಫ್ರೀಸ್ಲಂಡ್ ಸೀಮೆಯ ಜನರ ಆಡುಮಾತು ಲೋ ಜರ್ಮನ್. ಶಾಲೆಯ ಜರ್ಮನ್‌ಗಿಂತ ಅದೇ ಬೇರೆ. ಅಂಥ ಮನುಷ್ಯ ಒಂದು ಪರಭಾಷೆಯನ್ನು ಮತ್ತೊಂದು ಪರಭಾಷೆಯಲ್ಲಿ ವಿವರಿಸುತ್ತ ದಶಕಗಳನ್ನು ಕಳೆದರು. ನಿಘಂಟನ್ನು ಬಿಡಿಸಿ ನೋಡಿದವರಿಗೆ ಗೊತ್ತು: ಪದವೊಂದು ಮೈಸೂರಿನದೋ, ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಧಾರವಾಡದ ಕಡೆಯದೋ ಎಂದು ಗುರುತು ಹಾಕಿದ್ದಾರೆ, ಮರಾಠಿಯಿಂದ, ಹಿಂದೂಸ್ತಾನಿಯಿಂದ ಬಂದ ಮಾತುಗಳನ್ನು ತೋರಿಸಿದ್ದಾರೆ, ಅರ್ಥಕ್ಕೆ ಸಾಕ್ಷಿಯಾಗಿ ಗಾದೆಗಳನ್ನು ಕೊಟ್ಟಿದ್ದಾರೆ. ಕೇಶಿರಾಜನ ಸೂತ್ರದಷ್ಟೇ ಜನರ ನಾಲಗೆಯೂ ಅವರಿಗೆ ಪ್ರಮಾಣ. ಕಲಿಯುವವನ ನಮ್ರತೆ ಇಲ್ಲದೆ ಆ ಪುಟಗಳು ಹುಟ್ಟುತ್ತಿರಲಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ಕಿಟ್ಟೆಲ್ ತೀರಿಕೊಂಡರು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮಾತಿಗೆ ಬರುತ್ತೇನೆ. ನಮ್ಮ ಸ್ಥಿತಿಗೂ ಅವರ ಸ್ಥಿತಿಗೂ ದೊಡ್ಡ ವ್ಯತ್ಯಾಸವಿದೆ. ಅವರ ಬೆನ್ನ ಹಿಂದೆ ಕಂಪನಿ ಸರ್ಕಾರವಿತ್ತು. ಗದ್ದಲವಾದರೆ ಕಲೆಕ್ಟರನಿದ್ದ. ಬಿಳಿಯ ಚರ್ಮವೇ ಒಂದು ರಹದಾರಿ. ಡೊಂಬಿವಲಿಗೋ ಸಿಕಂದರಾಬಾದಿಗೋ ಹೊಟ್ಟೆಪಾಡಿಗೆ ಬಂದ ಕನ್ನಡಿಗನಿಗೆ ಅಂಥ ಆಸರೆ ಯಾವುದೂ ಇಲ್ಲ. ಆದರೆ ಈ ವ್ಯತ್ಯಾಸವೇ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಊರಿನ ಭಾಷೆ ಕಲಿಯದೆಯೂ ಸುಖವಾಗಿ ಇರಬಹುದಾಗಿದ್ದವರು ಕಲಿತರು. ಕಲಿಯಲೇಬೇಕಾದ ನಮ್ಮಲ್ಲಿ ಎಷ್ಟು ಮಂದಿ ಮೂವತ್ತು ವರ್ಷ ಇಲ್ಲಿದ್ದೂ ತರಕಾರಿಯವಳ ಜೊತೆ ಅರೆಬರೆ ಹಿಂದಿಯಲ್ಲೇ ಚೌಕಾಶಿ ಮಾಡುತ್ತಿದ್ದೇವೆ? ಅದೇ ನಾವು, ಬೆಂಗಳೂರಿಗೆ ಹೋದ ಉತ್ತರದವನು ಕನ್ನಡ ಕಲಿಯಲಿಲ್ಲವೆಂದು ಸಿಟ್ಟಾಗುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ನ್ಯಾಯವನ್ನು ಮರಾಠಿಗರು ನಮ್ಮ ಮುಂದೆ ಹಿಡಿದರೆ ನಮಗೆ ಅದು ಸಂಕುಚಿತತೆಯಾಗಿ ಕಾಣುತ್ತದೆ.

ನಮ್ಮವರೆಲ್ಲ ಹೀಗೆಯೇ ಎಂದರೆ ತಪ್ಪಾದೀತು. ಉಡುಪಿಯ ಕಡೆಯಿಂದ ಬಂದ ಹುಡುಗರು ಹಗಲಲ್ಲಿ ಹೋಟೆಲಿನ ಮೇಜು ಒರೆಸುತ್ತ ಮರಾಠಿ ಕಲಿತರು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಮುಗಿಸಿದರು. ಮನೆಯಲ್ಲಿ ತುಳು, ಗಿರಾಕಿಗೆ ಮರಾಠಿ, ಪರೀಕ್ಷೆಗೆ ಕನ್ನಡ. ಅವರನ್ನು ಯಾವ ಸಮಿತಿಯೂ ಕಳುಹಿಸಿರಲಿಲ್ಲ, ಅವರಿಗೆ ಮುನ್ಷಿಯೂ ಇರಲಿಲ್ಲ. ಕಿಟ್ಟೆಲ್ ಅವರ ಭಾವಚಿತ್ರಕ್ಕೆ ಹಾರ ಹಾಕುವ ವೇದಿಕೆಯ ಮೇಲೆ ಅಂಥ ಒಬ್ಬ ಹಿರಿಯರನ್ನು ಕೂರಿಸಿ, ಈ ಊರನ್ನು ನೀವು ಹೇಗೆ ಕಲಿತಿರಿ ಎಂದು ಕೇಳಬೇಕೆಂದು ನಮ್ಮ ಸಂಘಗಳಿಗೆ ನನ್ನ ಸಲಹೆ. ಹಾರವೂ ಇರಲಿ, ಅದರ ಜೊತೆಗೆ ಕಿಟ್ಟೆಲ್ ಏಕೆ ಬಂದರು ಎಂಬ ಮಾತೂ ಇರಲಿ. ಪಾದ್ರಿಯ ನಿಲುವಂಗಿಯನ್ನು ಕಳಚಿ ಪಂಡಿತನ ಶಾಲು ಹೊದಿಸಿದರೆ ಮಾತ್ರ ನಾವು ಅವರಿಗೆ ಕೈಮುಗಿಯಬಲ್ಲೆವು ಎನ್ನುವುದಾದರೆ ನಮ್ಮ ಕೃತಜ್ಞತೆ ಬಹಳ ಇಕ್ಕಟ್ಟಾದದ್ದು.

ಈಗ ಹಾದಿ ತಿರುಗಿದೆ. ಕರಾವಳಿಯಿಂದ ಹೊರಟ ಪಾದ್ರಿಗಳೂ ಕನ್ಯಾಸ್ತ್ರೀಯರೂ ಜರ್ಮನಿಯ ಇಗರ್ಜಿಗಳಲ್ಲಿ, ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಹೋಗುವ ಮೊದಲು ಜರ್ಮನ್ ಕಲಿಯುತ್ತಾರೆ, ಪರೀಕ್ಷೆ ಕಟ್ಟುತ್ತಾರೆ. ಮೊಗ್ಲಿಂಗ್ ಅವರ ಸೀಮೆಗೆ ಹೋಗಿ ಸೇರಿದವರಿಗೆ ತರಗತಿಯಲ್ಲಿ ಕಲಿತ ಜರ್ಮನ್ ಸಾಲುವುದಿಲ್ಲ. ಅಲ್ಲಿನ ಮುದುಕಿಯರು ಆಡುವುದು ಸ್ವಾಬಿಯನ್. ಆ ಮಾತಿಗೆ ಕಿವಿ ಪಳಗಲು ತಿಂಗಳುಗಳೇ ಬೇಕು, ಮತ್ತು ಆ ಪಾಠ ಹೇಳುವವರು ಹಾಸಿಗೆಯ ಮೇಲೆ ಮಲಗಿರುವ ಆ ಮುದುಕಿಯರೇ.